ಎರಡನೆಯ ಬೀಗದ ಕೈ

ಸುಚಿತಾಳ ಸುದ್ದಿ ಲಕ್ಕಿಯ ಕಿವಿಗೆ ಮೊದಲು ಬಿದ್ದದ್ದು ಸಿಗಡಿ ಸುಲಿಯುವ ಮೇಜಿನ ಬಳಿ.

"ಕುಮಟೆಯ ಹುಡುಗಿಯಂತೆ, ಆಡಿಟಿಗೆ ಬತ್ತದ್ಯಂತೆ," ಎಂದಳು ಪಕ್ಕದ ಉಮಾ. "ಬರೀ ಲೆಕ್ಕ ಅಲ್ಲ ಮಾರಾಯ್ತಿ. ಬಾಗಿಲು ಯಾರು ತೆಗೀತರು, ಸಹಿ ಯಾರು ಹಾಕ್ತರು, ಎಲ್ಲ ನೋಡ್ತದ್ಯಂತೆ. ಷೇರು ಕೊಂಡವರಿಗೆ ಕಂಪನಿ ಹೇಳೂದು ಖರೆಯೋ ಸುಳ್ಳೋ ಅಂತ."

"ಬರ್ಲಿ. ನಾ ಇಲ್ಲಿ ಕೂತದ್ದೇ ಅದಕ್ಕೆ," ಎಂದಳು ಲಕ್ಕಿ.

ಹೊನ್ನಾವರದ ಆ ಕಾರ್ಖಾನೆಯ ಕೋಲ್ಡ್ ಸ್ಟೋರೇಜಿಗೆ ಎರಡು ಬೀಗ. ಒಂದರ ಕೈ ಮ್ಯಾನೇಜರ್ ರೂಪೇಶನಲ್ಲಿ, ಇನ್ನೊಂದು ಅಲ್ಲೇ ಕೆಲಸಕ್ಕಿದ್ದ ಲಕ್ಕಿಯ ಗಂಡ ದಾಸನ ಉಡಿದಾರದಲ್ಲಿ ಇರುತ್ತಿತ್ತು. ಇಬ್ಬರೂ ಜೊತೆಗೆ ನಿಂತೇ ಬಾಗಿಲು ತೆಗೆಯಬೇಕು. ಆದರೆ ಶಿವರಾತ್ರಿಗೆ ಯಾಣಕ್ಕೆ ಹೋಗುವಾಗ, ಮೀನು ನಾರುವ ಆ ಬೀಗದ ಕೈಯನ್ನು ಸೊಂಟದಲ್ಲಿಟ್ಟು ದೇವರೆದುರು ನಿಲ್ಲಲು ದಾಸನಿಗೆ ಮನಸ್ಸಾಗುತ್ತಿರಲಿಲ್ಲ. ರೂಪೇಶನ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಒಂದು ವರ್ಷ ಹಾಗೆ ಹೋಗಿ ಬರುವಷ್ಟರಲ್ಲಿ ಒಳಗಿನ ಸಿಗಡಿ ಪೆಟ್ಟಿಗೆಗಳು ಮಾಯ. ಕಳ್ಳನೆಂಬ ಹೆಸರು ದಾಸನಿಗೆ ಬಂತು. ಅದನ್ನು ಹೊತ್ತುಕೊಂಡೇ ಸತ್ತ. ಆಮೇಲೆ ಎರಡೂ ಬೀಗದ ಕೈ ರೂಪೇಶನ ಕಿಸೆ ಸೇರಿದವು. ಲಕ್ಕಿ ಕೆಲಸ ಬಿಡಲಿಲ್ಲ. ಅವನು ಬೀಳುವುದನ್ನು ಅವಳು ಹತ್ತಿರದಿಂದ ನೋಡಬೇಕಿತ್ತು.

ಸುಚಿತಾ ಬಂದಳು. ಕಾಲಿಗೆ ದೊಡ್ಡದಾದ ಗಂಬೂಟು, ಸಣ್ಣ ದನಿ. ಕಾಗದ ಪತ್ರ ಬದಿಗಿರಿಸಿ, "ಬಾಗಿಲು ತೆಗೆದು ತೋರ್ಸಿ," ಎಂದಳು. ರೂಪೇಶ ಒಬ್ಬನೇ ಎರಡೂ ಬೀಗ ತೆಗೆದ.

"ಎರಡನೆಯವರು ಎಲ್ಲಿ?"

"ಎಲ್ಲ ನಾನೇ ಮೇಡಂ," ಎಂದು ಅವನು ನಕ್ಕ.

ಲಕ್ಕಿ ಕೂತಲ್ಲಿಂದ ಎದ್ದಳು. "ಎರಡನೆಯವ ಸತ್ತ, ತಂಗೀ," ಎಂದು ಎಲ್ಲರೆದುರು ಯಾಣದ ಕತೆ ಪೂರ್ತಿ ಹೇಳಿದಳು.

ಸುಚಿತಾ ಕೇಳಿಸಿಕೊಂಡಳು. ಸಂಜೆ ಲಕ್ಕಿಯ ಹತ್ತಿರ ಬಂದು, "ಕದ್ದವರು ಯಾರು ಅಂತ ನಾ ಬರೆಯೂಕಾಗೂದಿಲ್ಲ ಅಮ್ಮಾ. ಎರಡೂ ಬೀಗದ ಕೈ ಒಬ್ಬನ ಕಿಸೇಲಿ ಉಂಟು, ಇಲ್ಲಿಯ ದಾಸ್ತಾನಿನ ಲೆಕ್ಕ ನಂಬೂ ಹಾಂಗಿಲ್ಲ ಅಂತ ಬರಿತೆ. ಕಂಪನಿ ಅದನ್ನ ಷೇರುದಾರರಿಗೆಲ್ಲ ಹೇಳಲೇಬೇಕು," ಎಂದಳು.

"ಅಂವ ಜೈಲಿಗೆ ಹೋಗೂದಿಲ್ವಾ?"

"ಅದು ನನ್ನ ಕೈಲಿಲ್ಲ."

"ಹಾಂಗಾದ್ರೆ ನೀ ಬಂದದ್ದು ಎಂತಕ್ಕೆ?"

ಸುಚಿತಾ ಕಾಗದ ಪತ್ರ ಎತ್ತಿಕೊಂಡು ಹೊರಟಳು. ಆದರೆ ವರದಿ ಹೊರಬಿದ್ದ ಮೇಲೆ ದೊಡ್ಡ ಕಚೇರಿಯಿಂದ ಆಜ್ಞೆ ಬಂತು: ಎರಡನೆಯ ಬೀಗದ ಕೈ ರೂಪೇಶನ ಅಧೀನದಲ್ಲಿಲ್ಲದವರ ಬಳಿ ಇರಬೇಕು. ಸಿಗಡಿ ಸುಲಿಯುವವರು ಗುತ್ತಿಗೆದಾರನ ಕಡೆಯವರು, ಅವರ ಮೇಲೆ ಅವನ ಅಧಿಕಾರ ನಡೆಯುತ್ತಿರಲಿಲ್ಲ. ಅವರಲ್ಲಿ ಹಿರಿಯಳು ಲಕ್ಕಿ. ಬೀಗದ ಕೈ ಅವಳ ಸೆರಗಿನ ತುದಿಗೆ ಬಂತು.

ಎಲ್ಲ ಸರಿಯಾಯಿತೇ ಎಂದು ನೋಡಲು ಸುಚಿತಾ ಮತ್ತೊಮ್ಮೆ ಬಂದ ದಿನ ಹೊರಗೆ ಲಾರಿ ನಿಂತಿತ್ತು. ರೂಪೇಶ ಬೆವರುತ್ತ ಮೇಜಿನ ಬಳಿ ಬಂದ.

"ಲಕ್ಕಕ್ಕಾ, ಬಾಗಿಲು."

ಲಕ್ಕಿ ಇನ್ನೊಂದು ಸಿಗಡಿ ಸುಲಿದಳು. ಮತ್ತೊಂದು.

"ಕೈ ತೊಳೀಬೇಕು ಒಡೆಯಾ. ಮೀನು ನಾರ್ತದೆ."

ಉಮಾ ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೂಪೇಶ ನಿಂತೇ ಇದ್ದ. ಸುಚಿತಾ ಎಲ್ಲವನ್ನೂ ನೋಡಿದಳು. ಹೊರಡುವಾಗ ಲಕ್ಕಿಯ ಒದ್ದೆ ಕೈ ಹಿಡಿದುಕೊಂಡಳು.

"ಒಂದೇ ಕೇಳ್ತೆ ಅಮ್ಮಾ. ಈ ಬೀಗದ ಕೈ ಕಾವಲಿಗೆ ಕೊಟ್ಟದ್ದು, ಸೇಡಿಗಲ್ಲ. ಇನ್ನು ಅವರು ಕರೆದ ಕೂಡ್ಲೇ ಎದ್ದು ಹೋಗ್ತಿರಾ?"