ಪಳಗಿದ ಕಾಲು

ಸಂತೇಬೆನ್ನೂರಿನ ನಮ್ಮ ಸಾಹುಕಾರರ ಕಣದಲ್ಲಿ ಬೇಯಿಸಿದ ಅಡಿಕೆಯನ್ನು ಕಾಲಿನಿಂದ ಕೆದಕಿ ಒಣಗಿಸುವುದು ನಮ್ಮ ಜೊತೆಯ ಆಳೊಬ್ಬನ ಕೆಲಸ. ಸುಡುವ ನೆಲದಲ್ಲಿ ನಾವೆಲ್ಲ ಕುಣಿದಾಡಿದರೆ ಅವನು ಬರಿಗಾಲಲ್ಲಿ ನಿಧಾನಕ್ಕೆ ನಡೆಯುತ್ತಿದ್ದ. ಮತ್ತೆ ಮತ್ತೆ ಚೊಂಬುಗಟ್ಟಲೆ ನೀರು ಕುಡಿದು, “ನನ್ನ ಕಾಲು ಪಳಗಿದಾವ್ರೀ” ಎನ್ನುತ್ತಿದ್ದ.

ಸಾಹುಕಾರರು ಆಳುಗಳಿಗೆಲ್ಲ ಚಪ್ಪಲಿ ಹಂಚಿದಾಗ, “ನಿಂಗ್ಯಾಕೋ? ದೇವ್ರೇ ಕೊಟ್ಟಾನಲ್ಲ” ಎಂದು ಅವನ ಬೆನ್ನು ತಟ್ಟಿದರು. ಅವನು ಬೀಗಿದ.

ಒಂದು ಮಧ್ಯಾಹ್ನ ಅಡಿಕೆ ಒಲೆಯ ಮುಂದೆ ನಿಂತು ಮಾತಾಡುತ್ತಿದ್ದವನು ಮೂಗು ಅರಳಿಸಿ, “ಏನೋ ಸುಟ್ಟ ವಾಸ್ನೆ ಬರ್ತೈತಲ್ರೀ?” ಎಂದ. ಬಗ್ಗಿ ನೋಡಿದೆ. ಕೆಂಡ ಅವನ ಹಿಮ್ಮಡಿಯ ಕೆಳಗಿತ್ತು.

“ನಿಂಗೆ ಶುಗರ್ ಐತಪ್ಪಾ. ಕಾಲಿನ ನರ ಯಾವಾಗ್ಲೋ ಸತ್ತಾವೆ” ಎಂದರು ಡಾಕ್ಟರು. ಸುಟ್ಟ ಗಾಯ ಕೊಳೆತು, ಆ ಪಾದವನ್ನೇ ತೆಗೆದರು.

ಸಾಹುಕಾರರು ಆಸ್ಪತ್ರೆಗೆ ನೋಡಲು ಬಂದರು. ಕೈಯಲ್ಲಿ ಒಂದು ಜೊತೆ ಹೊಸ ಚಪ್ಪಲಿ ಇತ್ತು.