ತುಳುವಿನಲ್ಲಿ ಹಿಡಿದ ಹಮೂರ್

ನನಗೆ ವಲೇರಿಯನ್ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವನು ಮೀನು ಹಿಡಿಯುತ್ತಾನೆಂದಲ್ಲ, ಹಿಡಿದದ್ದನ್ನು ತಂದು ನಮಗೆ ಕೊಡುತ್ತಾನೆಂದು. ಕೊಡದಿದ್ದರೆ ಜಿಪುಣ ಎಂದು ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಕೊಡುವವನನ್ನು ಏನು ಮಾಡುವುದು? ಶುಕ್ರವಾರ ಬೆಳಿಗ್ಗೆ, ಬಿಸಿಲು ಬಲಿಯುವ ಹೊತ್ತಿಗೆ, ಕುವೈತಿನ ರಿಗ್ಗೈಯಲ್ಲಿದ್ದ ನಮ್ಮ ಮನೆಯ ಬೆಲ್ಲು ಒತ್ತಿ ಪ್ಲಾಸ್ಟಿಕ್ ಚೀಲ ಹಿಡಿದು ನಿಲ್ಲುತ್ತಿದ್ದ. ಬಾಗಿಲು ತೆರೆಯುತ್ತಿದ್ದವಳು ನನ್ನ ಹೆಂಡತಿ ಸುಮತಿ.

ಸುಮತಿ ಮಲ್ಪೆಯವಳು. ವಲೇರಿಯನ್ ಮಂಗಳೂರಿನವನು, ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವವನು. ಮನೆಯಲ್ಲಿ ಅವನದು ಕೊಂಕಣಿ. ಆದರೆ ಮೀನಿನ ವಿಷಯ ಬಂದರೆ ತುಳುವಿಗೆ ದಾಟಿಬಿಡುತ್ತಿದ್ದ. ನಾನು ಚಿತ್ರದುರ್ಗದವನು. ಮದುವೆಯಾದ ಮೇಲೆ ಮೀನು ತಿನ್ನಲು ಕಲಿತೆ, ಮುಳ್ಳು ಬಿಡಿಸಲು ಇನ್ನೂ ಕಲಿಯುತ್ತಿದ್ದೇನೆ, ತುಳು ಕಲಿಯಲೇ ಇಲ್ಲ.

“ಇನಿ ಎಡ್ಡೆ ತಿಕ್ಕ್‌ಂಡ್ ಅಕ್ಕಾ” ಎಂದು ಅವನು ಶುರು ಮಾಡುತ್ತಿದ್ದ. ಇವತ್ತು ಒಳ್ಳೆಯದು ಸಿಕ್ಕಿದೆ ಎನ್ನುವಷ್ಟು ನನಗೂ ತಿಳಿಯುತ್ತಿತ್ತು. ಮುಂದಿನದಕ್ಕೆ ನಾನು ಕಿವುಡ. ಸುಮತಿ ಚೀಲದೊಳಗೆ ಕೈ ಹಾಕಿ ಮೀನಿನ ಕಿವಿರೆತ್ತಿ ನೋಡುವಳು, ಏನೋ ಕೇಳುವಳು, ಅವನು ಏನೋ ಹೇಳುವನು, ಇಬ್ಬರೂ ನಗುವರು. ನಾನು ಒಳಗೆ ಪತ್ರಿಕೆ ಹಿಡಿದು ಕೂತು, ಅವಳ ದನಿ ಅಷ್ಟು ಎಳೆಯದಾಗಿ ಕೇಳಿಸಿದ್ದು ಯಾವಾಗ ಎಂದು ಲೆಕ್ಕ ಹಾಕುತ್ತಿದ್ದೆ.

ಬೇರೆ ಅರ್ಥ ಮಾಡಿಕೊಳ್ಳಬೇಡಿ. ಸುಮತಿ ಅವನಿಗೆ ಅಕ್ಕ. ಅವನ ಹೆಂಡತಿಗೂ ಅಕ್ಕ. ನನಗೆ ಬೇಕಾಗಿದ್ದದ್ದು ಒಂದು ಮೀನು. ನನ್ನ ಕೈಯಿಂದ ಅವಳ ಕೈಗೆ ಹೋಗಬೇಕು, ಅವಳು ಕಿವಿರೆತ್ತಿ ನೋಡಬೇಕು, ಎಲ್ಲಿ ಸಿಕ್ಕಿತು ಎಂದು ನನ್ನನ್ನು ಕೇಳಬೇಕು. ಸೂಪರ್‌ಮಾರ್ಕೆಟ್ಟಿನಿಂದ ತಂದದ್ದಕ್ಕೆ ಅವಳು “ಎಷ್ಟು ಕೊಟ್ರಿ?” ಎಂದು ಮಾತ್ರ ಕೇಳುತ್ತಿದ್ದಳು.

ಹಾಗಾಗಿ ಗಾಳದ ಕೋಲು ಕೊಂಡೆ, ಶುಕ್ರವಾರದ ನಸುಕಿಗೆ ವಲೇರಿಯನ್ ಜೊತೆ ಹೊರಡತೊಡಗಿದೆ. ಇದು ಯಾವ ವರ್ಷ ಎಂದು ಕೇಳಬೇಡಿ. ತೊಂಬತ್ತರ ದಶಕದ ಕೊನೆ ಎಂದು ನಾನು, ಅಲ್ಲ, ಆಮೇಲೆ ಎಂದು ಸುಮತಿ. ಕೈಫೋನಿಗೆ ಇನ್ನೂ ಕ್ಯಾಮೆರಾದ ಕಣ್ಣು ಬಂದಿರಲಿಲ್ಲ ಎನ್ನುವುದಷ್ಟು ಖಚಿತ. ತಿಂಗಳೂ ಖಚಿತ. ಆಗಸ್ಟಿನ ಕೊನೆ, ಮೀನು ಹಿಡಿಯಲು ಕಲಿಯುವವನು ಆರಿಸಿಕೊಳ್ಳಬಾರದ ತಿಂಗಳು. ಆಗ್ನೇಯದ ಗಾಳಿ ಬಿಟ್ಟಿತೆಂದರೆ ಕುವೈತಿನ ಒಣ ಕುಲುಮೆ ಒದ್ದೆ ಕಂಬಳಿಯಾಗುತ್ತದೆ. ಕಾರಿನಿಂದ ಇಳಿದೊಡನೆ ಕನ್ನಡಕ ಮಂಜಾಗಿ ಕಡಲೇ ಕಾಣಿಸುವುದಿಲ್ಲ. ದಡದ ನೀರು ಹಂಡೆಯ ನೀರಿನಷ್ಟು ಬಿಸಿ. ಬುದ್ಧಿಯಿರುವ ಮೀನೆಲ್ಲ ಆಳಕ್ಕೆ ಹೋಗಿರುತ್ತದೆ. ಬುದ್ಧಿಯಿಲ್ಲದ ಕೆಲವು ನಸುಕಿನಲ್ಲಿ ಫಹಾಹೀಲಿನ ಬಂಡೆಗಳ ಸಂದಿಗೆ ಬರುತ್ತವೆ, ಬಂದು ವಲೇರಿಯನ್‌ನ ಗಾಳಕ್ಕೆ ಬೀಳುತ್ತವೆ.

“ನೀರು ಏರುವಾಗ ಹಾಕ್ಬೇಕು ಮಾರಾಯ್ರೆ” ಎನ್ನುತ್ತಿದ್ದ ಅವನು. “ಇಳಿಯುವಾಗ ಹಾಕಿದ್ರೆ ಕಲ್ಲೇ ಸಿಗುದು.”

ನನಗೆ ಏರುವಾಗಲೂ ಕಲ್ಲೇ ಸಿಕ್ಕಿತು. ಒಮ್ಮೆ ಯಾರದೋ ಕಡಿದುಹೋದ ದಾರ ಬಂತು, ಅದರ ತುದಿಯ ಕೊಕ್ಕೆಯಲ್ಲಿ ಮೀನಿನ ಹರಿದ ತುಟಿ. ಅಂದರೆ ಆ ಅಜ್ಞಾತನಿಗಾದರೂ ಕಚ್ಚಿತ್ತು. ಮುಖ ನೋಡದವನ ಮೇಲೂ ಹೊಟ್ಟೆ ಉರಿಸಿಕೊಳ್ಳಬಹುದೆಂದು ಅವತ್ತು ತಿಳಿಯಿತು.

ಆ ದಿನಗಳಲ್ಲಿ ಇಲ್ಲಿಯವರು ಒಂದು ನಕ್ಷತ್ರಕ್ಕಾಗಿ ಕಾಯುತ್ತಾರೆ. ಸುಹೈಲ್ ಎಂದು ಹೆಸರು. ಅದು ನಸುಕಿನಲ್ಲಿ ದಕ್ಷಿಣದ ಅಂಚಿಗೆ ಮೂಡಿದರೆ ಬೇಸಿಗೆಯ ಬೆನ್ನು ಮುರಿಯಿತೆಂದು ಲೆಕ್ಕ. ನಮ್ಮ ಕಚೇರಿಯ ಕುವೈತಿ ಮುದುಕರೊಬ್ಬರು ಕೋಟಿನೊಳಗೆ ಬೆವರುತ್ತಲೇ, “ಸುಹೈಲ್ ಬಂದ, ಸೆಕೆ ಖಲಾಸ್” ಎಂದು ಘೋಷಿಸುತ್ತಿದ್ದರು. ಆ ಸುಹೈಲ್ ಬೇರೆ ಯಾರೂ ಅಲ್ಲ, ನಮ್ಮ ಅಗಸ್ತ್ಯ. ಕಡಲನ್ನು ಒಂದೇ ಗುಟುಕಿಗೆ ಕುಡಿದವನು. ಒಳಗೆ ಅಡಗಿದ್ದ ರಕ್ಕಸರು ಬಯಲಾದರು, ದೇವತೆಗಳು ಕೊಂದರು ಎಂದೆಲ್ಲ ಪುರಾಣ ಹೇಳುತ್ತದೆ. ಮೀನುಗಳ ಗತಿ ಏನಾಯಿತೆಂದು ಮಾತ್ರ ಹೇಳುವುದಿಲ್ಲ. ಒಂದು ಗುಟುಕಿಗೆ ಅಷ್ಟೂ ಮೀನು. ಬಂಡೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕೂತವನಿಗೆ ಋಷಿಯ ಮೇಲೂ ಕೋಪ ಬರುತ್ತದೆ.

ಮೀನು ಹಿಡಿಯಲಾರದವನು ಏನು ಮಾಡುತ್ತಾನೆ? ಕಾನೂನು ಹಿಡಿಯುತ್ತಾನೆ. ವಿಮಾ ಕಂಪೆನಿಯಲ್ಲಿ ಷರತ್ತುಗಳನ್ನು ಓದುವುದೇ ನನ್ನ ಕೆಲಸ. ಸಣ್ಣ ಅಕ್ಷರ ಕಂಡರೆ ಹಸಿವು ಹುಟ್ಟುತ್ತದೆ. ಕೊಲ್ಲಿಯ ಒಳಗೆ ಎಲ್ಲೆಲ್ಲಿ ಗಾಳ ಹಾಕಬಾರದು, ಸುಮತಿ ಮಾಂಜಿ ಎನ್ನುವ ಜುಬೈದಿಯನ್ನು, ಅಂದರೆ ಪಾಂಫ್ರೆಟ್ಟನ್ನು, ಮರಿಯ ಕಾಲದಲ್ಲಿ ಎಂದಿನಿಂದ ಎಂದಿನವರೆಗೆ ಮುಟ್ಟಬಾರದು, ಸಿಗಡಿಗೆ ಯಾವಾಗ ಬಿಡುಗಡೆ, ಯಾವ ಮೀನು ಎಷ್ಟು ಉದ್ದವಿಲ್ಲದಿದ್ದರೆ ವಾಪಸು ಬಿಡಬೇಕು, ಎಲ್ಲ ಬಾಯಿಪಾಠ ಮಾಡಿದೆ. ಸುಮತಿಯ ಹೊಲಿಗೆಯ ಟೇಪನ್ನು ಜೇಬಿಗೆ ಹಾಕಿಕೊಂಡೆ. ವಲೇರಿಯನ್ ಹಿಡಿದ ಪ್ರತಿ ಮೀನಿನ ಪಕ್ಕ ಟೇಪು ಮಲಗಿಸತೊಡಗಿದೆ.

“ಇದು ಗಿಡ್ಡ. ಬಿಡಬೇಕು.”

“ನಿಮ್ದೊಂದು ಎಂತ ಸಾವು” ಎಂದು ಗೊಣಗಿ ಅವನು ಬಿಟ್ಟುಬಿಡುತ್ತಿದ್ದ. ಆ ಶುಕ್ರವಾರಗಳಲ್ಲಿ ನಮ್ಮ ಮನೆಗೆ ಬರುವ ಚೀಲ ಹಗುರಾಯಿತು. ಸುಮತಿ ನನ್ನನ್ನು ನೋಡಿದ ರೀತಿಯಲ್ಲಿ ಗೌರವ ಇತ್ತೆಂದು ಹೇಳಲಾರೆ.

ಆಮೇಲೆ ನನಗೆ ಕಚ್ಚಿತು. ಕೋಲು ಬಾಗಿತು, ಏನೋ ಕೂಗಿದೆ, ವಲೇರಿಯನ್ “ನಿಧಾನ, ನಿಧಾನ” ಎನ್ನುತ್ತ ಬಂಡೆ ಹಾರಿ ಬಂದ. ಬಂದದ್ದು ಹಮೂರ್, ಕಂದು ಚುಕ್ಕೆಯ, ದೊಡ್ಡ ಬಾಯಿಯ, ಜಗಳಗಂಟ ಮುಖದ ಮೀನು. ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಟೇಪು ತೆಗೆಯುವ ಅಗತ್ಯವೇ ಇರಲಿಲ್ಲ. ಕುರುಡನಿಗೂ ಗೊತ್ತಾಗುವಷ್ಟು ಗಿಡ್ಡ.

ವಲೇರಿಯನ್ ಮೀನನ್ನು ನೋಡಿದ, ನನ್ನನ್ನು ನೋಡಿದ, ಬೆನ್ನು ತಿರುಗಿಸಿ ನಿಂತ. “ಹಡಗು ಹೋಗ್ತಾ ಉಂಟು. ನಾನು ಅದನ್ನು ನೋಡ್ತೇನೆ. ನೀವು ಚೀಲಕ್ಕೆ ಹಾಕಿ.”

ನಾನು ಬಿಟ್ಟೆ. ಅಥವಾ ಬಿಟ್ಟೆ ಎಂದು ಬರೆಯಲು ನನಗೆ ಇಷ್ಟ. ಬಾಗಿ ಕೊಕ್ಕೆ ಬಿಡಿಸುವಾಗ ಅದು ಜಾರಿದ ನೆನಪೂ ಅಷ್ಟೇ ಸ್ಪಷ್ಟವಾಗಿದೆ. ಎರಡು ನೆನಪಿನಲ್ಲೂ ನೀರು ಒಂದೇ ಸದ್ದು ಮಾಡುತ್ತದೆ. ಕಾನೂನಿನ ಮೇಲಿನ ಗೌರವವೋ, ಒದ್ದೆ ಬೆರಳೋ, ತೀರ್ಪು ಕೊಡಬಲ್ಲ ಒಬ್ಬನೇ ಸಾಕ್ಷಿ ಹಡಗು ನೋಡುತ್ತಿದ್ದ. ಆ ಹಡಗು ಇತ್ತೇ ಎನ್ನುವುದೂ ನನಗೆ ಗೊತ್ತಿಲ್ಲ.

ಮನೆಗೆ ಮರಳಿದೆವು. ಬೆಲ್ಲು ಒತ್ತಿದವನು ಅವನೇ, ಚೀಲ ಕೊಟ್ಟವನೂ ಅವನೇ. ನಾನು ಹಿಂದೆ ಕೋಲು ಹಿಡಿದು ನಿಂತಿದ್ದೆ. ಸುಮತಿ ಎಂದಿನಂತೆ ಏನೋ ಕೇಳಿದಳು. ಅವನು ತುಳುವಿನಲ್ಲಿ ಉದ್ದಕ್ಕೆ ಹೇಳಲು ಶುರು ಮಾಡಿದ. ನನ್ನ ಹೆಸರು ಬಂತು. ಅವನು ಎರಡೂ ಕೈ ಚಾಚಿದ, ಅಗಲಕ್ಕೆ, ಇನ್ನೂ ಅಗಲಕ್ಕೆ. ಸುಮತಿ ಚೀಲ ಬಿಟ್ಟು ನನ್ನತ್ತ ತಿರುಗಿದಳು. ಅವನು ದನಿ ತಗ್ಗಿಸಿ ಇನ್ನೇನೋ ಸೇರಿಸಿ, “ಬರ್ತೇನೆ ಅಕ್ಕಾ” ಎಂದು ಮೆಟ್ಟಿಲಿಳಿದ.

“ಏನು ಹೇಳಿದ?” ಎಂದೆ.

“ನೀವೇ ಹೇಳ್ಬೇಕಿತ್ತಲ್ಲ” ಎಂದಳು ಸುಮತಿ. “ಅಷ್ಟು ದೊಡ್ಡ ಹಮೂರ್ ಹಿಡಿದು, ಹೊಟ್ಟೆಯಲ್ಲಿ ಮೊಟ್ಟೆ ಉಂಟು ಅಂತ ವಾಪಸ್ ಬಿಟ್ರಂತೆ. ವಲೇರಿ ಬೇಡ ಬೇಡ ಅಂದ್ರೂ ಕೇಳ್ಲಿಲ್ಲಂತೆ.” ಆಮೇಲೆ, “ಎಲ್ಲಿ ಸಿಕ್ಕಿತು?” ಎಂದು ಕೇಳಿದಳು.

ಹಮೂರಿಗೆ ಆ ತಿಂಗಳಲ್ಲಿ ಮೊಟ್ಟೆಯಿರುವುದಿಲ್ಲ ಎಂದು ನಾನು ಓದಿದ್ದೆ. ಷರತ್ತುಗಳನ್ನು ಓದಿ ಸಂಬಳ ಎಣಿಸುವವನು ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡೆ. “ಬಂಡೆ ಸಂದಿಯಲ್ಲಿ” ಎಂದೆ.

ಈಗಲೂ ಅತಿಥಿಗಳು ಬಂದರೆ ಸುಮತಿ ಆ ಕತೆ ಹೇಳುತ್ತಾಳೆ. ಊರ ಕಡೆಯವರಾದರೆ ತುಳುವಿನಲ್ಲಿ, ದನಿ ಎಳೆಯದಾಗುತ್ತದೆ, ಕೈಗಳು ಅಗಲವಾಗುತ್ತವೆ. ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ. ನಾನು ಚಹಾದ ಟ್ರೇ ಹಿಡಿದು ನಿಂತಿರುತ್ತೇನೆ. ವಲೇರಿಯನ್ ಮೇಲೆ ಈಗ ನನಗೆ ಯಾವ ಸಿಟ್ಟೂ ಉಳಿದಿಲ್ಲ. ಉರಿಯುವುದು ಇನ್ನೊಬ್ಬನನ್ನು ಕಂಡು: ನನಗೆ ಬಾರದ ಭಾಷೆಯಲ್ಲಿ ಅಷ್ಟು ದೊಡ್ಡ ಮೀನು ಹಿಡಿದು, ಅಷ್ಟು ಸುಲಭವಾಗಿ ಬಿಟ್ಟುಕೊಟ್ಟು, ನನ್ನ ಹೆಂಡತಿಯ ಮುಖ ಅರಳಿಸುವ, ನನ್ನದೇ ಹೆಸರಿನ ಆ ಮನುಷ್ಯನನ್ನು ಕಂಡು.