ಸೋಸದ ಹೊಸ ನೀರು

ಬೆಳಗಿನ ಐದೂಮುಕ್ಕಾಲು. ಬಸ್ತಿಹಳ್ಳಿಯ ಹಿಂದಿನ ಮೋರಿಯ ಮೇಲೆ ಲತಾಮಣಿ ಮೈಯೆಲ್ಲಾ ಕಿವಿಯಾಗಿ ನಿಂತಿದ್ದಾರೆ. ಬೇಸಿಗೆಯಿಡೀ ಒಣಗಿದ್ದ ಹಳ್ಳಕ್ಕೆ ಮೇಲಿನ ಹೊಲಗಳಲ್ಲಿ ಸುರಿದ ಮಳೆಯ ನೀರು ಈಗಲೋ ಆಗಲೋ ಬರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೈಯಲ್ಲಿ ಹಗ್ಗ ಕಟ್ಟಿದ ಬಕೆಟ್, ಚೀಲದಲ್ಲಿ ಆರು ಬಾಟ್ಲಿ. ಇವರ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಪಕ್ಕದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೇನೆ.

ಹಳೇಬೀಡಿನ ಕೆರೆಗೆ ಬಂದು ಸೇರುವ ಮೂರು ಹಳ್ಳಗಳಿಂದ, ಹರಿವಿರುವಷ್ಟು ಕಾಲ, ವಾರಕ್ಕೊಮ್ಮೆ ಬಾಟ್ಲಿಗೆ ನೀರು ತುಂಬಿಸಿ ಕಳಿಸುವುದು ಏಳನೇ ಕ್ಲಾಸು ಓದಿದ ಇವರ ಕೆಲಸ. ಯಾವ ಕಾಲದಲ್ಲಿ ಎಷ್ಟು ಗೊಬ್ಬರದ ಸತ್ವ, ಎಷ್ಟು ಕೊಳೆತ ಎಲೆಯ ಇಂಗಾಲ ಕೆರೆಗೆ ಸೇರುತ್ತದೆ, ನೀರು ಬೇಸಿಗೆಯಲ್ಲಿ ಯಾಕೆ ಹಸಿರುಗಟ್ಟುತ್ತದೆ ಎಂದು ಸಂಶೋಧಕಿ ಪ್ರತಿಮಾ ಈ ಬಾಟ್ಲಿಗಳಿಂದಲೇ ತಿಳಿಯಬೇಕು. ಅವರ ಅಂದಾಜಿನಲ್ಲಿ ದೊಡ್ಡ ಪಾಲು ಬರುವುದು ಮುಂಗಾರಿನ ಮೊದಲ ಗಂಟೆಯಲ್ಲಿ. ಊರವರು ಅದನ್ನು ಹೊಸ ನೀರು ಎನ್ನುತ್ತಾರೆ.

ಆ ಹೊಸ ನೀರೇ ಎರಡು ವರ್ಷದಿಂದ ಕೈಕೊಟ್ಟಿದೆ. ಮೊದಲ ವರ್ಷ ಕಳಿಸಿದ ಬಾಟ್ಲಿಯಲ್ಲಿ ಎಲೆಯ ಚೂರೂ ಇಲ್ಲ, ಮಣ್ಣಿನ ಕಣವೂ ಇಲ್ಲ! ತಲೆಕೆಟ್ಟು ಪ್ರತಿಮಾ ಬಸ್ಸು ಹತ್ತಿ ಬಂದರೆ, ಲತಾಮಣಿಯ ಹಿತ್ತಿಲ ತಂತಿಯ ಮೇಲೆ ಕೆಂಪಗಾದ ಬಿಳಿ ಪಂಚೆ ಒಣಗುತ್ತಿತ್ತು.

“ಬಗ್ಗಡದ ನೀರು ಹೆಂಗೆ ಕೊಡೋದು ಅಂತ ನಮ್ಮನೆಯೋರ ಪಂಚೇಲಿ ಎರಡು ಸಲ ಸೋಸಿದ್ದೆ ಕಣ್ರೀ. ಮನೆಗೆ ಬಂದೋರಿಗೆ ಹಂಗೇ ಕೊಡ್ತೀವಾ?” ಎಂದು ಲತಾಮಣಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಹೋದ ವರ್ಷ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಆ ಗಂಟೆ ಕಳೆದುಹೋಗಿತ್ತು. ಅಂದು ಇದೇ ಮೋರಿಯ ಮೇಲೆ ಕೂತು ಅತ್ತರಂತೆ. ಅಧ್ಯಯನಕ್ಕೆ ಇದೇ ಕೊನೆಯ ಮುಂಗಾರು, ಇನ್ನೊಂದು ಅವಕಾಶವಿಲ್ಲ. ಹಾಗಾಗಿ ಇವತ್ತು ಹಾಲಿನ ಕ್ಯಾನು ಹೊತ್ತು ಹೋಗಿರುವುದು ಗಂಡ ದೇವರಾಜ್.

“ಬಂತು ಕಣ್ರೀ! ಸದ್ದು ಕೇಳ್ತಾ ಐತೆ!”

ತರಗೆಲೆ, ಸೆಗಣಿ, ತೆಂಗಿನ ಸಿಪ್ಪೆಗಳನ್ನು ನೂಕಿಕೊಂಡು ಕೆಂಪು ನೀರು ತಿರುವಿನಿಂದ ನುಗ್ಗುತ್ತದೆ. ಬಕೆಟ್ ಇಳಿಯುತ್ತದೆ. ಹತ್ತು ನಿಮಿಷಕ್ಕೊಂದರಂತೆ ಬಾಟ್ಲಿಗಳು ತುಂಬುತ್ತವೆ. ಎಮ್ಮೆ ಹೊಡೆದುಕೊಂಡು ಹೊರಟ ನೆರೆಮನೆಯ ಜವರಪ್ಪ, “ಈ ಕೊಚ್ಚೆ ಯಾರಿಗವ್ವಾ?” ಎನ್ನುತ್ತಾರೆ.

“ಕೆರೆ ಏನ್ ಉಣ್ತದೆ ಅಂತ ನೋಡಕ್ಕೆ ಕಣಣ್ಣ.”

ಆರನೆಯ ಮುಚ್ಚಳ ಬಿಗಿದದ್ದೇ ತಡ, ಪ್ರತಿಮಾಗೆ ಫೋನ್. ಹಳ್ಳದ ಸದ್ದಿಗೂ ಮೇಲೆ ಲತಾಮಣಿ ಕೂಗುತ್ತಾರೆ:

“ಮೇಡಂ, ಹೊಸ ನೀರು ಸಿಕ್ತು! ಹೆಂಗ್ ಬಂತೋ ಹಂಗೇ ಐತೆ, ಒಂದು ತೊಟ್ಟೂ ಸೋಸಿಲ್ಲ!”